ಸೋದರತ್ತೆಯ ಬಗ್ಗೆ ಯಾರೂ ಕೇಳಲಿಲ್ಲ

ನಮ್ಮ ಕಾಕನ ಮಗಳಿಗೆ 38ನೇ ವಯಸ್ಸಿನಲ್ಲಿ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಆಳಂದ ತಾಲ್ಲೂಕಿನ ಹಳ್ಳಿಯಿಂದ ಕಲಬುರಗಿಗೆ ಕರೆತಂದು ತೋರಿಸಿದೆವು. ಮೊದಲು ಹೋದ ಆಸ್ಪತ್ರೆಯ ಕಡತದಲ್ಲಿ ‘ಕುಟುಂಬದ ಹಿನ್ನೆಲೆ’ ಎಂಬ ಸಾಲಿನ ಎದುರು ಬರೆದದ್ದು ಒಂದೇ ಪದ: ಇಲ್ಲ. ಕೇಳಿದ್ದೂ ಒಂದೇ ಪ್ರಶ್ನೆ. ತಾಯಿಗೆ, ಅಕ್ಕತಂಗಿಯರಿಗೆ ಯಾರಿಗಾದರೂ ಇತ್ತೇ? ಇರಲಿಲ್ಲ. ಹಾಗಾಗಿ ಬರೆದದ್ದು ಸುಳ್ಳೇನಲ್ಲ.

ಎರಡು ತಿಂಗಳ ನಂತರ ಹೈದರಾಬಾದಿನಲ್ಲಿ, ವಂಶದಿಂದ ಬರುವ ಕಾಯಿಲೆಗಳ ಬಗ್ಗೆ ಸಲಹೆ ಕೊಡುವ ಆನುವಂಶಿಕ ಸಮಾಲೋಚಕಿಯೊಬ್ಬರು ಬಿಳಿ ಹಾಳೆ, ಪೆನ್ಸಿಲ್ ಇಟ್ಟುಕೊಂಡು ಕುಳಿತರು. ಜೊತೆಗೆ ಬಂದಿದ್ದ ದೊಡ್ಡವ್ವನಿಗೆ ಎಪ್ಪತ್ತೈದು ದಾಟಿದೆ. ಯಾರ ಮನೆಯಿಂದ ಯಾರನ್ನು ತಂದರು, ಯಾರನ್ನು ಯಾವ ಊರಿಗೆ ಕೊಟ್ಟರು, ಯಾವ ಬರಗಾಲದಲ್ಲಿ ಯಾರು ಹುಟ್ಟಿದರು, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿದೆ. ಅವರು ಹೇಳುತ್ತ ಹೋದಂತೆ ಹಾಳೆ ತುಂಬಿತು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ತೀರಿಕೊಂಡವರ ಮೇಲೆ ಓರೆಗೆರೆ, ಕಾಯಿಲೆ ಬಂದವರಿಗೆ ಕಪ್ಪು. ಹಿರಿಯ ಸೋದರತ್ತೆ ಎದೆಯ ಹುಣ್ಣಿನಿಂದ ಹೋದರು, ಆಗ ನಲವತ್ತೊಂದೋ ನಲವತ್ತೆರಡೋ ಇರಬೇಕು. ಒಂದು ವೃತ್ತ ಕಪ್ಪಾಯಿತು. ಅವರ ದೊಡ್ಡ ಮಗಳು ಹೊಟ್ಟೆಯಲ್ಲಿ ನೀರು ತುಂಬಿ ಸತ್ತಳು, ಎಲ್ಲ ಮದ್ದು ಮಂತ್ರ ಮಾಡಿಸಿ ಆಗಿತ್ತು. ಇದನ್ನು ಕೇಳಿ ಸಮಾಲೋಚಕಿ ಪೆನ್ಸಿಲ್ ನಿಲ್ಲಿಸಿ ತಲೆಯೆತ್ತಿದರು. ಅಂಡಾಶಯದ ಕ್ಯಾನ್ಸರ್ ಬಲಿತಾಗಲೂ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಆ ವೃತ್ತದೊಳಗೆ ಪ್ರಶ್ನಾರ್ಥಕ ಚಿಹ್ನೆ ಬಿತ್ತು.

ಆಮೇಲೆ ಕಾಕನ ಮಗಳ ವೃತ್ತಕ್ಕೂ ಅವಳ ಗಂಡನ ಚೌಕಕ್ಕೂ ನಡುವೆ ಜೋಡಿಗೆರೆ ಎಳೆದರು. ಅವಳನ್ನು ಕೊಟ್ಟದ್ದು ಅದೇ ಸೋದರತ್ತೆಯ ಮಗನಿಗೆ. ರಕ್ತಸಂಬಂಧದ ಮದುವೆಯನ್ನು ವಂಶವೃಕ್ಷದಲ್ಲಿ ಎರಡು ಗೆರೆಯಿಂದ ತೋರಿಸುವುದು ವಾಡಿಕೆ. ಮೊದಲ ಆಸ್ಪತ್ರೆಯಲ್ಲಿ ಯಾರಾದರೂ ಅತ್ತೆಯ ಬಗ್ಗೆ ಕೇಳಿದ್ದರೂ ‘ಅತ್ತೆ ಎಂದರೆ ಗಂಡನ ಕಡೆಯವರು, ಅದರಿಂದೇನು’ ಎಂದು ಬಿಟ್ಟುಬಿಡುತ್ತಿದ್ದರೇನೋ. ನಮ್ಮ ಕಡೆ ಗಂಡನ ಕಡೆ, ತವರಿನ ಕಡೆ ಎಂಬುದು ಎಷ್ಟೋ ಮನೆಗಳಲ್ಲಿ ಒಂದೇ ಕಡೆ. ಹಾಳೆಯ ಇನ್ನೊಂದು ಮೂಲೆಯಲ್ಲಿ ಖಾಲಿ ಚೌಕವೊಂದಿತ್ತು. ಅದು ನಾನು.

ಜೀನ್ ಸಂಶೋಧನೆ ಎಂದರೆ ಕೋಟಿಗಟ್ಟಲೆ ಬೆಲೆಯ ಯಂತ್ರಗಳ ಕೆಲಸ ಎಂದು ನಾನೂ ತಿಳಿದಿದ್ದೆ. ಯಂತ್ರಗಳು ಬೇಕು, ಸರಿ. ಆದರೆ ಕ್ಯಾನ್ಸರ್ ತರುವ ಜೀನ್‌ಗಳ ಪತ್ತೆಯಲ್ಲಿ ಅತಿ ದೊಡ್ಡ ಹೆಜ್ಜೆಗಳಲ್ಲಿ ಕೆಲವು ಇಂಥದೇ ಹಾಳೆಯ ಮೇಲೆ, ವಯಸ್ಸು ಮತ್ತು ಸಂಬಂಧಗಳನ್ನು ಹೊಂದಿಸಿ ನೋಡುವುದರಿಂದ ಆದವು. ಈ ಹಾಳೆ ನಮ್ಮ ಜಿಲ್ಲೆಗಳ ಆಸ್ಪತ್ರೆ ಕಡತಗಳಲ್ಲಿ ಇಲ್ಲ. ಇದರಿಂದ ನಷ್ಟ ಒಬ್ಬ ರೋಗಿಗೆ ಮಾತ್ರವಲ್ಲ, ವಿಜ್ಞಾನಕ್ಕೂ ಆಗುತ್ತಿದೆ ಎಂಬುದು ನನ್ನ ತಕರಾರು.

ತೊಗರಿಯಲ್ಲಾದರೆ ಕೆಲಸ ಸುಲಭ. ನೆಟೆ ರೋಗ ತಾಳಿಕೊಳ್ಳುವ ತಳಿ ಬೇಕಾದಾಗ ತಳಿ ವಿಜ್ಞಾನಿಗಳು ರೋಗದ ಶಿಲೀಂಧ್ರ ತುಂಬಿದ ಮಡಿಯಲ್ಲಿ ಬೇಕೆಂದೇ ಬೀಜ ಬಿತ್ತುತ್ತಾರೆ. ಒಣಗಿದ್ದು ಒಣಗಲಿ, ನಿಂತದ್ದನ್ನು ಆರಿಸಿ, ಬೇಕಾದದ್ದರೊಡನೆ ಸಂಕರ ಮಾಡಿ, ಮರಿಗಳಲ್ಲಿ ಎಷ್ಟು ನಿಂತವು, ಎಷ್ಟು ಬಿದ್ದವು ಎಂದು ಎಣಿಸುತ್ತಾರೆ. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ಟಿಎಸ್-3ಆರ್ ತಳಿಯನ್ನು ಬಿತ್ತಿದ ರೈತರಿಗೆ ಈ ಆಯ್ಕೆಯ ಬೆಲೆ ಗೊತ್ತು. ಮನುಷ್ಯರನ್ನು ಹೀಗೆ ಮಡಿಯಲ್ಲಿ ಬಿತ್ತಲಾಗದು. ಹಾಗಾಗಿ ಕ್ಯಾನ್ಸರ್ ವಿಜ್ಞಾನಿ ತಾನಾಗಿಯೇ ಆಗಿಹೋದ ಪ್ರಯೋಗಗಳನ್ನು ಹುಡುಕಿಕೊಂಡು ಹೋಗಬೇಕು. ಅಂಥ ಪ್ರಯೋಗದ ಹೆಸರೇ ಕುಟುಂಬ.

1971ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿದ್ದ ಆಲ್ಫ್ರೆಡ್ ನಡ್ಸನ್ ಮಾಡಿದ್ದು ಅದನ್ನೇ. ಮಕ್ಕಳ ಕಣ್ಣಿನ ಅಕ್ಷಿಪಟಕ್ಕೆ ಬರುವ ರೆಟಿನೋಬ್ಲಾಸ್ಟೋಮಾ ಎಂಬ ಅಪರೂಪದ ಕ್ಯಾನ್ಸರ್‌ನ 48 ಪ್ರಕರಣಗಳ ದಾಖಲೆ ಅವರ ಬಳಿ ಇತ್ತು. ಪ್ರಯೋಗಶಾಲೆಯ ಗೊಡವೆಗೆ ಹೋಗದೆ ವಯಸ್ಸುಗಳನ್ನು ಗೆರೆನಕ್ಷೆಯ ಮೇಲೆ ಗುರುತಿಸಿದರು. ಎರಡೂ ಕಣ್ಣಿಗೆ ಗಡ್ಡೆ ಬಂದ ಮಕ್ಕಳಿಗೆ ರೋಗ ಬೇಗ ಬಂದಿತ್ತು, ಒಂದೇ ಕಣ್ಣಿಗೆ ಬಂದವರಲ್ಲಿ ಅದು ತಡವಾಗಿತ್ತು. ಸಂಖ್ಯೆಗಳು ಹೊಂದಿದ್ದು ಒಂದೇ ವಿವರಣೆಗೆ: ಪ್ರತಿ ಜೀವಕೋಶದಲ್ಲಿ ಈ ರೋಗವನ್ನು ತಡೆಯುವ ಜೀನ್‌ನ ಎರಡು ಪ್ರತಿಗಳಿವೆ, ಒಂದು ತಾಯಿಯದು, ಒಂದು ತಂದೆಯದು. ಎರಡೂ ಕೆಟ್ಟರೆ ಮಾತ್ರ ಗಡ್ಡೆ. ಇಳಿಜಾರಿನ ಹೊಲಕ್ಕೆ ಎರಡು ಒಡ್ಡು ಹಾಕಿದಂತೆ ಇದು. ಹುಟ್ಟುವಾಗಲೇ ಒಂದು ಒಡ್ಡು ಒಡೆದಿರುವ ಮಗುವಿಗೆ ಇನ್ನೊಂದು ಮಳೆ ಸಾಕು. ಎರಡೂ ಗಟ್ಟಿಯಾಗಿರುವವರಲ್ಲಿ ಒಂದೇ ಜಾಗದಲ್ಲಿ ಎರಡು ಸಲ ಒಡೆಯಬೇಕು, ಅದಕ್ಕೆ ಕಾಲ ಬೇಕು. ಆ ಜೀನ್ ಕೈಗೆ ಸಿಕ್ಕದ್ದು ಹದಿನೈದು ವರ್ಷಗಳ ಮೇಲೆ, 1986ರಲ್ಲಿ, 13ನೇ ವರ್ಣತಂತುವಿನ ಮೇಲೆ. ಅಂಥದೊಂದು ಜೀನ್ ಇರಲೇಬೇಕೆಂದು ಮೊದಲೇ ಹೇಳಿದ್ದು ಮಾತ್ರ 48 ಮಕ್ಕಳ ವಯಸ್ಸು.

ಸ್ತನ ಕ್ಯಾನ್ಸರ್‌ನ ಕಥೆ ಇದಕ್ಕಿಂತ ಗೋಜಲಿನದು. ರೆಟಿನೋಬ್ಲಾಸ್ಟೋಮಾ ಅಪರೂಪ, ಸ್ತನ ಕ್ಯಾನ್ಸರ್ ಊರೂರಲ್ಲಿದೆ. ಒಂದೇ ಮನೆಯಲ್ಲಿ ಇಬ್ಬರಿಗೆ ಬಂದರೆ ಅದು ವಂಶದ ದೋಷವೇ, ಕಾಕತಾಳೀಯವೇ? ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಹೆಚ್ಚಿನ ವಿಜ್ಞಾನಿಗಳು ಒಂದು ಜೀನ್‌ನಿಂದ ಈ ರೋಗ ಬರುತ್ತದೆ ಎಂಬುದನ್ನು ಒಪ್ಪುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ಮೇರಿ-ಕ್ಲೇರ್ ಕಿಂಗ್ ಹಟಕ್ಕೆ ಬಿದ್ದು ಕುಟುಂಬಗಳ ಹಿಂದೆ ಹೋದರು. ಅವರು ಹಿಡಿದ ದಾರಿಗೆ ಸಹಲಗ್ನತೆಯ ವಿಶ್ಲೇಷಣೆ ಎನ್ನುತ್ತಾರೆ. ವರ್ಣತಂತುಗಳ ಉದ್ದಕ್ಕೂ ಮನುಷ್ಯರಿಂದ ಮನುಷ್ಯರಿಗೆ ಬದಲಾಗುವ ಗುರುತುಗಳಿವೆ, ರಸ್ತೆಬದಿಯ ಮೈಲುಗಲ್ಲುಗಳಂತೆ. ಒಂದು ಮನೆತನದಲ್ಲಿ ರೋಗ ಬಂದವರಲ್ಲೆಲ್ಲ ಇರುವ, ಬಾರದವರಲ್ಲಿ ಬಹುಮಟ್ಟಿಗೆ ಇಲ್ಲದ ಗುರುತು ಯಾವುದು ಎಂದು ನೋಡಬೇಕು. ಅಂಥದು ಸಿಕ್ಕರೆ ದೋಷದ ಜೀನ್ ಆ ಮೈಲುಗಲ್ಲಿನ ಆಸುಪಾಸಿನಲ್ಲಿದೆ.

ಕಿಂಗ್ ತಂಡದ ಮುಂದೆ 23 ಕುಟುಂಬಗಳಿದ್ದವು. ಎಲ್ಲವನ್ನೂ ಒಟ್ಟಿಗೆ ಹಾಕಿದಾಗ ಚಿತ್ರ ಮಸುಕು. ಕಾಯಿಲೆ ಬಂದ ವಯಸ್ಸಿನ ಕ್ರಮದಲ್ಲಿ ಕುಟುಂಬಗಳನ್ನು ಜೋಡಿಸಿದಾಗ ಗಂಟು ಬಿಚ್ಚಿತು. ಎಳೆಯ ವಯಸ್ಸಿನಲ್ಲೇ ರೋಗ ಬಂದ ಮನೆಗಳಲ್ಲಿ 17ನೇ ವರ್ಣತಂತುವಿನ ಒಂದು ಗುರುತು ರೋಗದ ಬೆನ್ನಿಗೇ ಬರುತ್ತಿತ್ತು. ವಯಸ್ಸಾದ ಮೇಲೆ ಬಂದ ಮನೆಗಳಲ್ಲಿ ಹಾಗಿರಲಿಲ್ಲ. 1990ರಲ್ಲಿ ಇದು ಪ್ರಕಟವಾಯಿತು. ಜೀನ್ ಇರುವ ತಾಲ್ಲೂಕು ಗೊತ್ತಾಯಿತು, ಮನೆ ಗೊತ್ತಿರಲಿಲ್ಲ. ನಾಲ್ಕು ವರ್ಷ ಜಗತ್ತಿನ ಹಲವು ತಂಡಗಳು ಆ ಮನೆಗಾಗಿ ಓಡಿದವು. 1994ರಲ್ಲಿ ಯೂಟಾದ ತಂಡ ಮೊದಲು ಬಾಗಿಲು ತಟ್ಟಿತು. ಆ ಜೀನ್‌ನ ಹೆಸರು ಬಿಆರ್‌ಸಿಎ1. ಮರುವರ್ಷ ಬ್ರಿಟನ್ನಿನ ತಂಡ 13ನೇ ವರ್ಣತಂತುವಿನಲ್ಲಿ ಇಂಥದೇ ಇನ್ನೊಂದು ಜೀನ್, ಬಿಆರ್‌ಸಿಎ2, ಪ್ರಕಟಿಸಿತು. ಯೂಟಾದ ಕಂಪನಿ ಜೀನ್‌ಗೆ ಪೇಟೆಂಟ್ ಪಡೆದು ಪರೀಕ್ಷೆಯನ್ನೇ ತನ್ನ ಸ್ವತ್ತು ಮಾಡಿಕೊಂಡಿತ್ತು. ನಿಸರ್ಗದಲ್ಲಿರುವ ಡಿಎನ್‌ಎಗೆ ಪೇಟೆಂಟ್ ಇಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 2013ರ ಜೂನ್‌ನಲ್ಲಿ. ಅದೇ ವರ್ಷ ಏಪ್ರಿಲ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟ್ ರಕ್ತ ಕ್ಯಾನ್ಸರ್ ಔಷಧ ಗ್ಲಿವೆಕ್‌ಗೆ ಪೇಟೆಂಟ್ ನಿರಾಕರಿಸಿತ್ತು. ಎರಡು ತೀರ್ಪುಗಳ ನ್ಯಾಯಶಾಸ್ತ್ರ ಬೇರೆ, ಆದರೂ ಒಂದೇ ವರ್ಷ ಬಂದದ್ದು ನೆನಪಿಡುವಂಥದು.

ಈ ಎರಡೂ ಜೀನ್‌ಗಳು ಲಿಂಗ ನಿರ್ಧರಿಸುವ ವರ್ಣತಂತುಗಳ ಮೇಲಿಲ್ಲ. ತಂದೆಯಲ್ಲಾಗಲಿ ತಾಯಿಯಲ್ಲಾಗಲಿ ದೋಷವಿದ್ದರೆ ಅದು ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಹೆಂಗಸರ ಕಾಯಿಲೆ ಹೆಂಗಸರ ಕಡೆಯಿಂದಲೇ ಬರುತ್ತದೆ ಎಂಬ ನಂಬಿಕೆ ಓದಿದವರಲ್ಲೂ ಇದೆ. ನಮ್ಮ ಮನೆಯಲ್ಲಿ ಕಾಕ ಗಟ್ಟಿಮುಟ್ಟಾಗಿದ್ದಾರೆ, ಹೊಲಕ್ಕೆ ಹೋಗುತ್ತಾರೆ. ದೋಷ ಅವರ ಮೂಲಕ ಹಾದುಬಂದಿರಬಹುದು ಎಂದಾಗ ಅವರಿಗೆ ಅದು ಅಪಮಾನವೆನಿಸಿತೋ, ದುಃಖವೋ, ಎದ್ದು ಹೊರಗೆ ಹೋದರು. ಬಿಆರ್‌ಸಿಎ2 ದೋಷವಿರುವ ಗಂಡಸರಿಗೂ ಪ್ರಾಸ್ಟೇಟ್ ಕ್ಯಾನ್ಸರ್‌ನ ಅಪಾಯ ಹೆಚ್ಚು ಎಂಬುದನ್ನು ಅಂದು ಹೇಳಲಾಗಲಿಲ್ಲ.

ಕುಟುಂಬದ ದಾರಿಯಲ್ಲದೆ ಇನ್ನೊಂದು ದಾರಿಯೂ ಇತ್ತು, ಅದು ಕೋಳಿಗಳಿಂದ ಶುರುವಾಯಿತು. 1911ರಲ್ಲಿ ಪೇಟನ್ ರೌಸ್ ಕೋಳಿಯ ಗಡ್ಡೆಯನ್ನು ಅರೆದು, ಜೀವಕೋಶಗಳೂ ದಾಟದಷ್ಟು ಸಣ್ಣ ಜಾಲರಿಯಲ್ಲಿ ಸೋಸಿ, ಆ ರಸವನ್ನು ಬೇರೆ ಕೋಳಿಗೆ ಚುಚ್ಚಿದರು. ಅದಕ್ಕೂ ಗಡ್ಡೆ ಬಂತು. ವೈರಸ್ ಒಂದು ಕ್ಯಾನ್ಸರ್ ತರುತ್ತದೆ ಎಂಬುದನ್ನು ಜನ ನಂಬಲಿಲ್ಲ, ನೊಬೆಲ್ ಬಂದದ್ದು 55 ವರ್ಷ ಕಳೆದು, 1966ರಲ್ಲಿ. 1976ರಲ್ಲಿ ಬಿಷಪ್ ಮತ್ತು ವಾರ್ಮಸ್ ತಂಡ ತೋರಿಸಿದ್ದು ಇನ್ನೂ ವಿಚಿತ್ರ: ವೈರಸ್ಸಿನ ಆ ಕ್ಯಾನ್ಸರ್ ಜೀನ್ ವೈರಸ್ಸಿನದೇ ಅಲ್ಲ, ಕೋಳಿಯಿಂದ ಕದ್ದದ್ದು. ಆರೋಗ್ಯವಂತ ಕೋಳಿಯಲ್ಲೂ ಅದರ ಮೂಲ ಪ್ರತಿ ತನ್ನ ಪಾಡಿಗೆ ಕೆಲಸ ಮಾಡಿಕೊಂಡಿರುತ್ತದೆ. ಅಂದರೆ ಕ್ಯಾನ್ಸರ್ ಜೀನ್ ಎನ್ನುವುದು ನಮ್ಮ ಮನೆಯದೇ ಆಳು, ಹಾದಿ ತಪ್ಪಿದಾಗ ಮಾತ್ರ ಕೇಡು. 1982ರಲ್ಲಿ ಮನುಷ್ಯನ ಮೂತ್ರಕೋಶದ ಗಡ್ಡೆಯ ಡಿಎನ್‌ಎಯನ್ನು ಇಲಿಯ ಜೀವಕೋಶಗಳಿಗೆ ಸೇರಿಸಿ, ಅವು ಅಂಕೆ ಮೀರಿ ಬೆಳೆದಾಗ ಕಾರಣ ಹುಡುಕಿದರು. ರಾಸ್ ಎಂಬ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ಮನುಷ್ಯನ ಡಿಎನ್‌ಎ ಎಂಬ ಸುಮಾರು 300 ಕೋಟಿ ಅಕ್ಷರಗಳ ಗ್ರಂಥದಲ್ಲಿ ಒಂದು ಅಕ್ಷರ.

ಈಗಿನ ಕಾಲ ಓದುವ ಯಂತ್ರಗಳದು. ಒಬ್ಬ ರೋಗಿಯಿಂದ ಎರಡು ಮಾದರಿ ತೆಗೆದುಕೊಳ್ಳುತ್ತಾರೆ, ಗಡ್ಡೆಯ ತುಣುಕು ಮತ್ತು ರಕ್ತ. ಎರಡರ ಡಿಎನ್‌ಎ ಓದಿ ತಾಳೆ ನೋಡಿದರೆ, ಗಡ್ಡೆಯಲ್ಲಿದ್ದು ರಕ್ತದಲ್ಲಿಲ್ಲದ ಬದಲಾವಣೆಗಳು ಹುಟ್ಟಿದ ಮೇಲೆ ಆದವು. ಅಮೆರಿಕ 2006ರಲ್ಲಿ ಆರಂಭಿಸಿದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಎಂಬ ಯೋಜನೆ (ಜೀನೋಮ್ ಎಂದರೆ ಒಂದು ಜೀವಿಯ ಇಡೀ ಡಿಎನ್‌ಎ) 33 ಬಗೆಯ ಕ್ಯಾನ್ಸರ್‌ಗಳಲ್ಲಿ ಈ ಕೆಲಸ ಮಾಡಿತು. ತೊಡಕು ಏನೆಂದರೆ, ಒಂದೊಂದು ಗಡ್ಡೆಯಲ್ಲೂ ಹತ್ತಾರು, ನೂರಾರು, ಕೆಲವೊಮ್ಮೆ ಸಾವಿರಾರು ಬದಲಾವಣೆಗಳು ಸಿಗುತ್ತವೆ. ಹೆಚ್ಚಿನವು ಗಡ್ಡೆ ಬೆಳೆಯುವಾಗ ಸುಮ್ಮನೆ ಹತ್ತಿಕೊಂಡವು. ವಿಜ್ಞಾನಿಗಳು ಗಡ್ಡೆಯನ್ನು ಬೆಳೆಸುವವನ್ನು ಚಾಲಕ, ಸುಮ್ಮನೆ ಹತ್ತಿದವನ್ನು ಪ್ರಯಾಣಿಕ ಎಂದು ವಿಂಗಡಿಸುತ್ತಾರೆ. ಸಂತೆಯ ದಿನ ಆಳಂದದಿಂದ ಕಲಬುರಗಿಗೆ ಬರುವ ಬಸ್ಸಿನಲ್ಲಿ ಇದ್ದವರ ಪಟ್ಟಿ ಮಾತ್ರ ಕೈಯಲ್ಲಿದ್ದು, ಸ್ಟೀರಿಂಗ್ ಹಿಡಿದವರು ಯಾರೆಂದು ಹೇಳಬೇಕಾದರೆ? ಒಂದು ಪಟ್ಟಿಯಿಂದ ಆಗದು. ನೂರು ದಿನದ ಪಟ್ಟಿ ಇಟ್ಟುಕೊಂಡರೆ ಪ್ರಯಾಣಿಕರು ಬದಲಾಗುತ್ತಾರೆ, ಪದೇಪದೇ ಬರುವ ಕೆಲವೇ ಹೆಸರುಗಳ ಮೇಲೆ ಗುಮಾನಿ ನಿಲ್ಲುತ್ತದೆ.

ಗುಮಾನಿಯೂ ಕೈಕೊಡುತ್ತದೆ. ಪದೇಪದೇ ಕಾಣಿಸಿದ ಜೀನ್‌ಗಳಲ್ಲಿ ಟೈಟಿನ್ ಎಂಬುದೊಂದಿತ್ತು, ಸ್ನಾಯುವಿನ ಪ್ರೋಟೀನಿನದು. ವಾಸನೆ ಗ್ರಹಿಸುವ ಜೀನ್‌ಗಳೂ ಪಟ್ಟಿಗೆ ಬಂದವು. ಶ್ವಾಸಕೋಶದ ಗಡ್ಡೆಗೆ ಮೂಗಿನ ಜೀನ್ ಏನು ಮಾಡೀತು? 2013ರಲ್ಲಿ ಪ್ರಕಟವಾದ ವಿಶ್ಲೇಷಣೆ ಉತ್ತರ ಕೊಟ್ಟಿತು. ಟೈಟಿನ್ ನಮ್ಮ ದೇಹದ ಅತಿ ದೊಡ್ಡ ಪ್ರೋಟೀನು, ಅದರ ಜೀನ್ ಕೂಡ ಅಷ್ಟೇ ಉದ್ದ. ಆಲಿಕಲ್ಲು ಮಳೆಯಾದರೆ ಹತ್ತು ಎಕರೆಯ ಹೊಲದಲ್ಲಿ ಒಂದು ಗುಂಟೆಗಿಂತ ಹೆಚ್ಚು ಕಲ್ಲು ಬೀಳುವುದು ಹೊಲದ ದೋಷವಲ್ಲ. ವಾಸನೆಯ ಜೀನ್‌ಗಳದ್ದು ಬೇರೆ ಕಾರಣ. ಜೀವಕೋಶ ಎರಡಾಗಿ ಒಡೆಯುವ ಮುನ್ನ ಡಿಎನ್‌ಎ ನಕಲಾಗುವಾಗ ಅವುಗಳ ಸರದಿ ಕೊನೆಗೆ ಬರುತ್ತದೆ, ಅಂಥ ಕಡೆ ನಕಲಿನ ತಪ್ಪುಗಳು ಹೆಚ್ಚು. ಹೊಲದ ಅಳತೆಯನ್ನೂ ಮಣ್ಣಿನ ಗುಣವನ್ನೂ ಲೆಕ್ಕಕ್ಕೆ ಹಿಡಿದ ಮೇಲೆ ಇವು ಪಟ್ಟಿಯಿಂದ ಬಿದ್ದುಹೋದವು. ನನಗೆ ಈ ಇಡೀ ಕ್ಷೇತ್ರದಲ್ಲಿ ಅತಿ ಹೆಚ್ಚು ಗೌರವ ಹುಟ್ಟಿಸಿದ್ದು ಯಾವ ಜೀನ್‌ನ ಪತ್ತೆಯೂ ಅಲ್ಲ, ತಪ್ಪಾಗಿ ಹಿಡಿದವರನ್ನು ಬಿಟ್ಟುಬಿಟ್ಟ ಈ ಕೆಲಸ. 2018ರಲ್ಲಿ 9,000ಕ್ಕೂ ಹೆಚ್ಚು ಗಡ್ಡೆಗಳನ್ನು ಜಾಲಾಡಿದ ತಂಡ 299 ಚಾಲಕ ಜೀನ್‌ಗಳ ಪಟ್ಟಿ ಕೊಟ್ಟಿತು. ಮನುಷ್ಯನಲ್ಲಿರುವ ಸುಮಾರು 20,000 ಜೀನ್‌ಗಳಲ್ಲಿ ಇಷ್ಟು. ಹೀಗೆ ಹೆಸರು ಬಂದ ಮೇಲೂ ಜೀವಕೋಶಗಳಲ್ಲಿ, ಇಲಿಗಳಲ್ಲಿ ಆ ಜೀನನ್ನು ಕೆಡಿಸಿ ನೋಡಿ ಖಚಿತಪಡಿಸಿಕೊಳ್ಳಬೇಕು.

ಪಟ್ಟಿ ಯಾರ ಗಡ್ಡೆಗಳಿಂದ ಬಂತು ಎಂಬುದರ ಮೇಲೆ ಅದರಲ್ಲಿ ಏನು ಸಿಗುತ್ತದೆ ಎಂಬುದು ನಿಂತಿದೆ. ಇದಕ್ಕೆ ನಮ್ಮ ಬಾಯಿಯೇ ಸಾಕ್ಷಿ. ಪಶ್ಚಿಮದ ದೇಶಗಳಲ್ಲಿ ಬಾಯಿ ಕ್ಯಾನ್ಸರ್ ಎಂದರೆ ಹೆಚ್ಚಾಗಿ ನಾಲಿಗೆಯದು. ನಮ್ಮಲ್ಲಿ ಅದು ದವಡೆಗೂ ಕೆನ್ನೆಗೂ ನಡುವಿನ ಸಂದಿನಲ್ಲಿ ಹುಟ್ಟುತ್ತದೆ, ಸುಣ್ಣ ತೀಡಿದ ತಂಬಾಕನ್ನು, ಗುಟ್ಕಾವನ್ನು ಒತ್ತಿಟ್ಟುಕೊಳ್ಳುವ ಜಾಗದಲ್ಲಿ. ಅಂತರರಾಷ್ಟ್ರೀಯ ಕ್ಯಾನ್ಸರ್ ಜೀನೋಮ್ ಒಕ್ಕೂಟದಲ್ಲಿ ಭಾರತ ಆರಿಸಿಕೊಂಡದ್ದು ಈ ಸಂದನ್ನೇ. ಪಶ್ಚಿಮ ಬಂಗಾಳದ ಕಲ್ಯಾಣಿಯ ರಾಷ್ಟ್ರೀಯ ಜೈವಿಕ ವೈದ್ಯಕೀಯ ಜೀನೋಮಿಕ್ಸ್ ಸಂಸ್ಥೆ ಮತ್ತು ಮುಂಬೈನ ಟಾಟಾ ಸ್ಮಾರಕ ಕೇಂದ್ರದ ಸಂಶೋಧನಾ ವಿಭಾಗ ಸೇರಿ 110 ರೋಗಿಗಳ ಮಾದರಿಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟಿಪಿ53, ನಾಚ್1, ಕ್ಯಾಸ್ಪ್8ರಂಥ ಗೊತ್ತಿದ್ದ ಜೀನ್‌ಗಳ ಜೊತೆಗೆ ಈ ಕ್ಯಾನ್ಸರ್‌ನಲ್ಲಿ ಹಿಂದೆ ಗುರುತಿಸದಿದ್ದ ಐದು ಜೀನ್‌ಗಳು ಸಿಕ್ಕವು. ನಾಲಿಗೆಯ ಗಡ್ಡೆಗಳನ್ನೇ ಓದುತ್ತಿದ್ದರೆ ಇವುಗಳ ಕಡೆ ಕಣ್ಣು ಹೋಗುತ್ತಿತ್ತೇ? ಇವುಗಳಲ್ಲಿನ ಬದಲಾವಣೆಗಳು ತಂದೆತಾಯಿಯಿಂದ ಬಂದವಲ್ಲ, ವರ್ಷಗಟ್ಟಲೆ ಜಗಿದು ಆದವು. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದೂ 2013ರಲ್ಲೇ. ಆಮೇಲೆ ಒಂದು ಚೀಟಿ ಎರಡಾಯಿತು, ಪಾನ್ ಮಸಾಲೆಯದು ಬೇರೆ, ತಂಬಾಕಿನದು ಬೇರೆ. ಬಸ್ ನಿಲ್ದಾಣದ ಎದುರು ಯುವಕರು ಎರಡನ್ನೂ ಹರಿದು ಅಂಗೈಯಲ್ಲಿ ಬೆರೆಸಿಕೊಳ್ಳುವ ಚಳಕ ನೋಡಬೇಕು.

ಅಂಥ ಯುವಕನಿಗೆ ಮುಂದೆ ಬಾಯಿ ಕ್ಯಾನ್ಸರ್ ಬಂದರೆ ವಂಶದ ಜೀನ್ ಪರೀಕ್ಷೆ ಮಾಡಿಸಿ ದುಡ್ಡು ಕಳೆಯುವುದರಲ್ಲಿ ಅರ್ಥವಿಲ್ಲ. ಎಲ್ಲ ಕ್ಯಾನ್ಸರ್‌ಗಳಲ್ಲಿ ವಂಶದಿಂದ ಬರುವವು ನೂರಕ್ಕೆ ಐದರಿಂದ ಹತ್ತು ಮಾತ್ರ. ‘ನಿಮ್ಮ ಕ್ಯಾನ್ಸರ್ ಅಪಾಯ ತಿಳಿಯಿರಿ’ ಎಂದು ಮೊಬೈಲಿಗೆ ಬರುವ ಜಾಹೀರಾತುಗಳು ಈ ಲೆಕ್ಕ ಹೇಳುವುದಿಲ್ಲ. ಯಾರಿಗೆ ಪರೀಕ್ಷೆ ಬೇಕು, ಯಾರಿಗೆ ಬೇಡ ಎಂದು ಮೊದಲು ಹೇಳುವುದು ಮತ್ತೆ ಅದೇ ಹಾಳೆ, ಅದೇ ಪೆನ್ಸಿಲ್.

ಕಾಕನ ಮಗಳಿಗೆ ಪರೀಕ್ಷೆ ಬೇಕಿತ್ತು, ಮಾಡಿಸಿದೆವು. ವರದಿ ಬಂತು: ಬಿಆರ್‌ಸಿಎ2ರಲ್ಲಿ ಒಂದು ಅಕ್ಷರ ಬದಲಾಗಿದೆ, ಮಹತ್ವ ಅನಿಶ್ಚಿತ. ಅವಳ ಗಂಡ ಎರಡು ಸಲ ಕೇಳಿದ, ಇದೆ ಎಂದು ಅರ್ಥವೋ, ಇಲ್ಲ ಎಂದೋ. ಎರಡೂ ಅಲ್ಲ. ಆ ಬದಲಾವಣೆ ಕೇಡಿನದೋ ನಿರುಪದ್ರವಿಯೋ ಎಂದು ಹೇಳಲು ಬೇಕಾದಷ್ಟು ಜನರಲ್ಲಿ ಅದನ್ನು ಯಾರೂ ನೋಡಿಲ್ಲ. ಜಗತ್ತಿನ ದತ್ತಾಂಶ ಕೋಶಗಳು ಹೆಚ್ಚಾಗಿ ಯುರೋಪ್ ಮೂಲದವರ ಡಿಎನ್‌ಎಯಿಂದ ತುಂಬಿವೆ. ಒಳಪಂಗಡದೊಳಗೇ ಹೆಣ್ಣು ಕೊಟ್ಟು ತರುವ ನಮ್ಮಲ್ಲಿ ಒಂದೊಂದು ಸಮುದಾಯದಲ್ಲೂ ಅದರದೇ ಅಕ್ಷರಭೇದಗಳು ಉಳಿದು ಬಂದಿವೆ. ಆರೋಗ್ಯವಂತರಾದ ಸಾವಿರ ಜನರಲ್ಲಿ ಇರುವ ಬದಲಾವಣೆಯೂ ಹೊರಗಿನ ಕಣ್ಣಿಗೆ ಅಪರೂಪದ್ದಾಗಿ, ಅನುಮಾನದ್ದಾಗಿ ಕಾಣಬಹುದು. ನಿಜವಾಗಿ ಕೇಡಿನದಾದ ಬದಲಾವಣೆಯೂ ಇದೇ ‘ಅನಿಶ್ಚಿತ’ದ ಮರೆಯಲ್ಲಿ ಕೂತಿರಬಹುದು.

ಹೀಗಾಗಿಯೇ 2025ರ ಎರಡು ಸುದ್ದಿಗಳು ಮುಖ್ಯ. ಜನವರಿಯಲ್ಲಿ ಜೀನೋಮ್ ಇಂಡಿಯಾ ಯೋಜನೆಯ 10,000 ಭಾರತೀಯರ ಜೀನೋಮ್ ದತ್ತಾಂಶ ಸಂಶೋಧಕರಿಗೆ ತೆರೆದುಕೊಂಡಿತು. ಫೆಬ್ರುವರಿಯಲ್ಲಿ ಮದ್ರಾಸ್ ಐಐಟಿ 480 ಸ್ತನ ಕ್ಯಾನ್ಸರ್ ರೋಗಿಗಳ ಮಾದರಿಗಳನ್ನು ಓದಿ ಭಾರತ್ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಬಿಡುಗಡೆ ಮಾಡಿತು. ಸಂಖ್ಯೆ ಸಣ್ಣದು, ಆದರೂ ಶುರುವಾಯಿತಲ್ಲ.

ನಮ್ಮ ಜಿಲ್ಲೆಗಳು ಇದರಲ್ಲಿ ಸೇರಿಕೊಳ್ಳುವುದಾದರೂ ಹೇಗೆ? ಕಲಬುರಗಿಯಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಶಾಖೆ ಇದೆ, ಸುತ್ತಲ ಜಿಲ್ಲೆಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ರೋಗಿಗಳು ಮಾತ್ರ ಚದುರಿಹೋಗುತ್ತಾರೆ. ಬೀದರಿನವರು ಹೈದರಾಬಾದಿಗೆ, ಆಳಂದ ಅಫಜಲಪುರದವರು ಮಹಾರಾಷ್ಟ್ರದ ಸೊಲ್ಲಾಪುರ, ಬಾರ್ಶಿಗೆ, ಉಳಿದವರು ಬೆಂಗಳೂರಿಗೆ. ನಮ್ಮದೇ ಮನೆ ನೋಡಿ. ಅತ್ತೆಯ ಕಡತ ಬಾರ್ಶಿಯಲ್ಲಿ ಮರಾಠಿಯಲ್ಲಿತ್ತಂತೆ, ಈಗ ಎಲ್ಲಿದೆಯೋ. ಅವರ ಮಗಳದು ಯಾವ ಕಡತವೂ ಇಲ್ಲ. ಕಾಕನ ಮಗಳದು ಹೈದರಾಬಾದಿನಲ್ಲಿದೆ. ಮೂರು ರಾಜ್ಯಗಳಲ್ಲಿ ಹಂಚಿಹೋದ ಮೂವರನ್ನು ಒಂದೇ ಮರದ ಕೊಂಬೆಗಳೆಂದು ಕಂಡದ್ದು ದೊಡ್ಡವ್ವ ಒಬ್ಬರೇ. ಬಾರ್ಶಿಯಲ್ಲಿ 1987ರಲ್ಲೇ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾಯಿತು, ದೇಶಕ್ಕೇ ಮೊದಲು, ನಮ್ಮ ಗಡಿಯಿಂದ ಕೆಲವೇ ಗಂಟೆಗಳ ದಾರಿ. ನಮ್ಮ ಹೊರರೋಗಿ ವಿಭಾಗಗಳಲ್ಲಿ ದಿನಕ್ಕೆ ನೂರಾರು ಜನರನ್ನು ನೋಡುವ ವೈದ್ಯರಿಗೆ ನಲವತ್ತು ನಿಮಿಷ ಹಾಳೆ ಬರೆಯಲು ಪುರುಸೊತ್ತಿಲ್ಲ, ಅದನ್ನು ಅವರ ಮೇಲೆ ಹೊರಿಸುವುದೂ ತಪ್ಪು. ಒಬ್ಬ ತರಬೇತಾದ ದಾದಿ, ಒಂದು ಮುದ್ರಿತ ನಮೂನೆ, ಅದರಲ್ಲಿ ತಂದೆಯ ಕಡೆಗೊಂದು ಅಂಕಣ, ಸೋದರಸಂಬಂಧದ ಮದುವೆಗೊಂದು ಅಂಕಣ, ‘ಹುಣ್ಣು’, ‘ಗಂಟು’, ‘ಹೊಟ್ಟೆ ನೀರು’ ಎಂದು ಜನ ಹೇಳುವ ಮಾತನ್ನು ಹಾಗೆಯೇ ಬರೆದುಕೊಳ್ಳಲು ಜಾಗ. ಇಷ್ಟಕ್ಕೆ ಯಂತ್ರ ಬೇಕಿಲ್ಲ.

ವರದಿಯ ‘ಅನಿಶ್ಚಿತ’ ಎಂಬ ಪದ ಬದಲಾಗಲು ಒಂದು ದಾರಿ ಇದೆ ಎಂದು ಸಮಾಲೋಚಕಿ ಹೇಳಿದ್ದಾರೆ. ಆ ಅಕ್ಷರ ಮನೆತನದಲ್ಲಿ ರೋಗದ ಜೊತೆಗೇ ಸಾಗಿದೆಯೇ, ಇಲ್ಲವೇ ನೋಡಬೇಕು. ಕಿಂಗ್ 23 ಕುಟುಂಬಗಳಲ್ಲಿ ನೋಡಿದ್ದನ್ನು ನಮ್ಮ ಒಂದು ಕುಟುಂಬದಲ್ಲಿ ನೋಡುವುದು. ಅದಕ್ಕೆ ಬದುಕಿರುವವರ ರಕ್ತ ಬೇಕು. ಕಾಕ ಮೊದಲು ಬೇಡವೆಂದವರು ಆಮೇಲೆ ತಾವಾಗಿಯೇ ಬಂದು ತೋಳು ಚಾಚಿದರು. ನಾನೂ ಕೊಟ್ಟಿದ್ದೇನೆ. ಸೊಲ್ಲಾಪುರದಲ್ಲಿರುವ ಅತ್ತೆಯ ಕಿರಿಯ ಮಗಳು ಒಪ್ಪಿದ್ದಾಳೆ. ಅತ್ತೆಯ ಹಿರಿಯ ಮಗ ಮಾತ್ರ ಫೋನಿನಲ್ಲಿ ಬಹಳ ಹೊತ್ತು ಸುಮ್ಮನಿದ್ದು, ‘ಮಗಳಿಗೆ ಗಂಡು ಗೊತ್ತಾಗಿದೆ ಅಣ್ಣಾ, ಈಗ ರಕ್ತ ಪರೀಕ್ಷೆ ಎಂದರೆ ಬೀಗರ ಕಿವಿಗೆ ಬಿದ್ದೀತು, ಮದುವೆಯೊಂದು ಮುಗಿಯಲಿ’ ಎಂದ. ಮುಹೂರ್ತ ವೈಶಾಖದಲ್ಲಿದೆ.